30 ಮಿಲಿಗ್ರಾಂ ಎಂಬ ಅಂಕಿಯ ಹಿಂದೆ

ಕುಡಿದು ವಾಹನ ಓಡಿಸುವುದನ್ನು ಅಪರಾಧವೆನ್ನುವ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಕೇಳುವುದು ರಕ್ತದ ಲೆಕ್ಕ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇದೆಯೇ? ಪೊಲೀಸರ ಕೈಯಲ್ಲಿರುವ ಯಂತ್ರ, ಬ್ರೆತ್ ಅನಲೈಸರ್, ಅಳೆಯುವುದು ಉಸಿರನ್ನು. ತಕರಾರುಗಳ ಬೇರು ಇರುವುದು ಇಲ್ಲೇ.

1939ರ ಕಾಯ್ದೆ ಬಂದಾಗ ಅಂಕಿಯೇ ಇರಲಿಲ್ಲ. ವೈದ್ಯರು ಬಾಯಿಯ ವಾಸನೆ, ಕಣ್ಣಿನ ಪಾಪೆ, ನಡಿಗೆ, ಮಾತಿನ ತೊದಲು ನೋಡಿ ಬರೆದುಕೊಡುತ್ತಿದ್ದರು. ಇಷ್ಟರಿಂದಲೇ ಕುಡಿದಿದ್ದಾನೆಂದು ತೀರ್ಮಾನಿಸಲಾಗದು ಎಂದು 1971ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1988ರ ಕಾಯ್ದೆ ಮೊದಲಿಗೆ ಎಷ್ಟೇ ಅಲ್ಪ ಪ್ರಮಾಣವಿದ್ದರೂ ಅಪರಾಧ ಎಂದಿತ್ತು. 30ರ ಮಿತಿ, ಬ್ರೆತ್ ಅನಲೈಸರ್‌ನ ಹೆಸರು ಎರಡೂ ಬಂದದ್ದು 1994ರ ತಿದ್ದುಪಡಿಯಲ್ಲಿ. 2019ರಲ್ಲಿ ಪ್ರಯೋಗಾಲಯದ ಪರೀಕ್ಷೆಯೂ ಸೇರಿತು, ಮೊದಲ ಅಪರಾಧದ ದಂಡ 2,000ದಿಂದ 10,000 ರೂಪಾಯಿಗೆ ಏರಿತು.

ಯಂತ್ರದ ಚರಿತ್ರೆ ಈ ಮಿತಿಗಿಂತ ಹಳೆಯದು. ಅಮೆರಿಕದ ಇಂಡಿಯಾನಾದಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ರೂಪಿಸಿದ ಬ್ರೆತಲೈಸರ್, ಉಸಿರಿನ ಮದ್ಯಸಾರ ತಾಗಿ ಡೈಕ್ರೋಮೇಟ್ ಎಂಬ ರಾಸಾಯನಿಕದ ದ್ರಾವಣದ ಬಣ್ಣ ಎಷ್ಟು ಮಾಸಿತೆಂದು ಅಳೆಯುತ್ತಿತ್ತು. ಈಗಿನ ಒಳ್ಳೆಯ ಕೈಯಂತ್ರಗಳಲ್ಲಿರುವುದು ಫ್ಯುಯೆಲ್ ಸೆಲ್: ಪ್ಲಾಟಿನಂ ಪದರದ ಮೇಲೆ ಮದ್ಯಸಾರ ಉತ್ಕರ್ಷಣಗೊಂಡಾಗ ಹುಟ್ಟುವ ವಿದ್ಯುತ್ತೇ ಅಳತೆ. ಮಧುಮೇಹಿಗಳ ಉಸಿರಿನ ಅಸಿಟೋನ್‌ಗೆ ಇದು ಮೋಸ ಹೋಗುವುದಿಲ್ಲ. ಅಗ್ಗದ ಸೆಮಿಕಂಡಕ್ಟರ್ ಯಂತ್ರಗಳು ಮೋಸ ಹೋಗುತ್ತವೆ. ಆದರೆ ಸ್ಯಾನಿಟೈಸರ್‌ನ ಆವಿಗೆ ಫ್ಯುಯೆಲ್ ಸೆಲ್ ಕೂಡ ಸ್ಪಂದಿಸುತ್ತದೆ.

ಉಸಿರಿನಿಂದ ರಕ್ತಕ್ಕೆ ಹೋಗಲು ಯಂತ್ರ ಬಳಸುವ ಸಾಮಾನ್ಯ ಸೂತ್ರ 2100:1. ಅಂದರೆ 2100 ಮಿಲಿಲೀಟರ್ ಉಸಿರಿನಲ್ಲಿ ಇರುವಷ್ಟೇ ಮದ್ಯಸಾರ ಒಂದು ಮಿಲಿಲೀಟರ್ ರಕ್ತದಲ್ಲಿದೆ ಎಂಬ ಊಹೆ. ಎಲ್ಲರ ದೇಹವೂ ಹೀಗಿಲ್ಲ. ನಿಜವಾದ ಅನುಪಾತ 1700 ಇರುವವರಿಗೆ ಯಂತ್ರ 35 ತೋರಿಸಿದರೆ ರಕ್ತದಲ್ಲಿರುವುದು ಸುಮಾರು 28. ಉಸಿರಿನ ಉಷ್ಣತೆ 34 ಡಿಗ್ರಿ ಎಂಬುದೂ ಊಹೆಯೇ. ಒಂದು ಡಿಗ್ರಿ ಏರಿದರೆ ಅಂಕಿ ಸುಮಾರು 6.5% ಏರುತ್ತದೆ. ಜ್ವರ ಬಂದವರಿಗೆ, ಮಿತಿಯ ಅಂಚಿನಲ್ಲಿರುವವರಿಗೆ ಇದು ಸಣ್ಣ ಮಾತಲ್ಲ. 115 ಬಂದವರಿಗೆ ಈ ಯಾವ ವಾದವೂ ನೆರವಾಗದು, ಆಗಲೂಬಾರದು.

ಬಾಯಲ್ಲೇ ಉಳಿದ ಮದ್ಯಸಾರ ಇನ್ನೊಂದು ತೊಡಕು. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಹಲಸಿನ ತೊಳೆ ತಿಂದ ಚಾಲಕರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಹೀಗೆ. ಚೆನ್ನಾಗಿ ಕಳಿತು ಹುಳಿಯಲು ಶುರುವಾದ ಹಣ್ಣು, ಮೌತ್‌ವಾಶ್, ತೇಗು, ಯಾವುದೇ ಇರಲಿ, 15 ನಿಮಿಷ ಏನೂ ಬಾಯಿಗೆ ಹಾಕದೆ ಕಾಯಿಸಿ ಮತ್ತೆ ಊದಿಸಿದರೆ ಸುಳ್ಳು ಅಂಕಿ ಇಳಿಯುತ್ತದೆ, ನಿಜವಾಗಿ ಕುಡಿದವರದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ರಾತ್ರಿ ವಾಹನಗಳ ಸಾಲು ನಿಂತಿರುವಾಗ ಮೊದಲು ಬಿಟ್ಟುಹೋಗುವುದು ಈ 15 ನಿಮಿಷವೇ.

ಕ್ಯಾಲಿಬ್ರೇಷನ್, ಅಂದರೆ ಯಂತ್ರದ ಅಳತೆಯನ್ನು ಸರಿಹೊಂದಿಸುವ ಕೆಲಸ, ತಪ್ಪಿದರಂತೂ ಒಬ್ಬರಿಗಲ್ಲ, ಸಾವಿರಾರು ಜನರಿಗೆ ಏಟು. ಅಮೆರಿಕದ ನ್ಯೂಜೆರ್ಸಿಯಲ್ಲಿ ಯಂತ್ರಗಳನ್ನು ಸರಿಹೊಂದಿಸುವಾಗ, ಗೊತ್ತಿರುವ ಪ್ರಮಾಣದ ಮದ್ಯಸಾರ ಬೆರೆಸಿದ ದ್ರಾವಣದ ಉಷ್ಣತೆಯನ್ನು ಪ್ರಮಾಣೀಕೃತ ಥರ್ಮಾಮೀಟರ್‌ನಿಂದ ನೋಡುವ ಒಂದೇ ಹಂತ ಬಿಟ್ಟದ್ದಕ್ಕೆ, 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 20,667 ಪರೀಕ್ಷೆಗಳನ್ನು ಸಾಕ್ಷ್ಯವಾಗಿ ಒಪ್ಪಲಾಗದು ಎಂದಿತು. 2025ರಲ್ಲಿ ಕೇರಳ ಹೈಕೋರ್ಟ್ ಇದೇ ಜಾಡಿನಲ್ಲಿ ನಡೆಯಿತು: ಊದಿಸುವ ಮುನ್ನ, ಯಾರೂ ಊದದೆ ನಡೆಸುವ ಬರಿಗಾಳಿ ಪರೀಕ್ಷೆಯಲ್ಲಿ ಯಂತ್ರ 0.000 ತೋರಿಸಲೇಬೇಕು.

ಯಂತ್ರಕ್ಕಿಂತ ಹೆಚ್ಚಾಗಿ ಸೋಲುವುದು ಅದನ್ನು ಬಳಸುವ ಕ್ರಮ ಎಂಬುದು ಈ ತೀರ್ಪುಗಳಿಂದ ಸ್ಪಷ್ಟ. ಆದ್ದರಿಂದ ಕೇಸ್ ಬಿದ್ದವರು, ವಕೀಲರು ಮೊದಲು ನೋಡಬೇಕಾದದ್ದು ಯಂತ್ರದ ಚೀಟಿ: ಬರಿಗಾಳಿಯ ಅಂಕಿ, ಯಂತ್ರದ ಸಂಖ್ಯೆ, ಸಮಯ, ಕೊನೆಯ ಕ್ಯಾಲಿಬ್ರೇಷನ್ ದಿನಾಂಕ. ಬಂಧನವಾದರೆ 202ನೇ ಕಲಂ ಪ್ರಕಾರ ಎರಡು ಗಂಟೆಯೊಳಗೆ ವೈದ್ಯಕೀಯ ತಪಾಸಣೆ ಆಗಬೇಕು. ರಕ್ತದ ಮಾದರಿಯ ವಿಧಾನ 204ರಲ್ಲಿದೆ. ಒಂದು ಎಚ್ಚರಿಕೆ: 100 ಮಿಲಿಲೀಟರ್ ರಕ್ತದಲ್ಲಿನ ಮದ್ಯಸಾರ ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂ ಇಳಿಯುತ್ತಾ ಹೋಗುತ್ತದೆ. ಊದಿದಾಗ 50 ಇದ್ದದ್ದು ಎರಡು ಗಂಟೆಯ ನಂತರ ರಕ್ತದಲ್ಲಿ 20 ಬಂದರೆ, ಅಷ್ಟರಿಂದಲೇ ಯಂತ್ರ ತಪ್ಪಿತ್ತು ಎನ್ನಲಾಗದು. ಎರಡೂ ಪರೀಕ್ಷೆಗಳ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟಿದ್ದರೆ ಮಾತ್ರ ಅವನ್ನು ಹೋಲಿಸಲು ಬರುತ್ತದೆ.