ಪಹಣಿಯೊಳಗಿನ ಕೊಡಗು

ಕೊಡಗಿನ ಭೂದಾಖಲೆಗಳನ್ನೇ ನೆಚ್ಚಿಕೊಂಡು ವಕೀಲಿಕೆ ಮಾಡುವ ನನಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಎದುರಾಗುತ್ತದೆ. ಬೇರೆ ಜಿಲ್ಲೆಯಿಂದ ಬಂದ ಬ್ಯಾಂಕ್ ಅಧಿಕಾರಿ ಪಹಣಿ ನೋಡಿ ಹುಬ್ಬು ಗಂಟಿಕ್ಕುತ್ತಾರೆ. ಪಟ್ಟೇದಾರರು, ಎಂದರೆ ಖಾತೆಯಲ್ಲಿ ಹೆಸರಿರುವ ಕುಟುಂಬದ ಹಿರಿಯರು, ತೀರಿಕೊಂಡು ಎರಡು ಮೂರು ತಲೆಮಾರು ಕಳೆದಿದೆ, ಖಾತೆ ಇನ್ನೂ ಅವರ ಹೆಸರಿನಲ್ಲೇ ಇದೆ, ಕೆಳಗೆ ಹತ್ತಾರು ಹೆಸರುಗಳ ಸಾಲು. ಇಷ್ಟು ವರ್ಷ ಯಾರೂ ಖಾತೆ ಬದಲಾಯಿಸಿಕೊಳ್ಳಲಿಲ್ಲವೇಕೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದರೆ ಕೊಡಗಿನ ಚರಿತ್ರೆಯನ್ನೇ ಹೇಳಬೇಕಾಗುತ್ತದೆ.

ಸುಮಾರು 4,100 ಚದರ ಕಿಲೋಮೀಟರ್‌ನ ಈ ಬೆಟ್ಟದ ಸೀಮೆ ಹಾಲೇರಿ ಅರಸರ ರಾಜ್ಯವಾಗಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಕೆಳಗಿಳಿಸಿದ ಬ್ರಿಟಿಷರು ಇದನ್ನು ತಮ್ಮ ಪ್ರಾಂತವನ್ನಾಗಿ ಮಾಡಿಕೊಂಡರು. ಸ್ವಾತಂತ್ರ್ಯದ ನಂತರ ಕೆಲವು ವರ್ಷ 24 ಸದಸ್ಯರ ಪುಟ್ಟ ವಿಧಾನಸಭೆಯಿದ್ದ ಪ್ರತ್ಯೇಕ ರಾಜ್ಯವಾಗಿ, 1956ರ ನವೆಂಬರ್ 1ರಂದು ಮೈಸೂರಿನೊಂದಿಗೆ ಸೇರಿತು. ಇಷ್ಟನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಅವು ಹೇಳದೆ ಬಿಡುವುದು ಇಲ್ಲಿನ ಜನರನ್ನು ಒಬ್ಬರಿಗೊಬ್ಬರು ಕಟ್ಟಿಹಾಕಿದ್ದ ನೆಲದ ವ್ಯವಸ್ಥೆಯನ್ನು. ಅರಸರು ಲಿಂಗಾಯತರು, ಪ್ರಜೆಗಳು ಕೊಡವರು, ಅರೆಭಾಷೆಯ ಗೌಡರು, ಅಮ್ಮಕೊಡವರು, ಹೆಗ್ಗಡೆಯವರು, ಐರಿಗಳು, ಮೇದರು, ಕೆಂಬಟ್ಟಿಯವರು, ಮಾಪಿಳ್ಳೆಗಳು, ಕುಡಿಯರು, ಕುರುಬರು, ಯರವರು. ಮನೆಮಾತುಗಳು ಹಲವು, ದಫ್ತರಿನ ಭಾಷೆ ಕನ್ನಡ. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರ ತನ್ನ ಅಧಿಕಾರಿಗಳಿಗೆ ಹೊರಡಿಸಿದ ಹುಕುಂನಾಮೆಯೂ ಕನ್ನಡದಲ್ಲಿದೆ. ಅವನ ಕಾಲದಲ್ಲಿ ಬರೆಸಿದ ಜಮೀನಿನ ಶಿಸ್ತು (ಕಂದಾಯ ನಿಗದಿಯ) ಲೆಕ್ಕಗಳ ಮೇಲೆಯೇ ಮುಂದೆ ಬ್ರಿಟಿಷರು ತಮ್ಮ ಕಂದಾಯವನ್ನು ಕಟ್ಟಿದರು.

ಆ ಲೆಕ್ಕದ ತಿರುಳು ಜಮ್ಮಾ, ಎಂದರೆ ಸೇವೆಯ ಋಣ ಹೊತ್ತು ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ನೂರು ಭಟ್ಟಿ (ಹಳೆಯ ಅಳತೆ) ಭತ್ತದ ಗದ್ದೆಗೆ ಸಾಗು, ಎಂದರೆ ಸಾಮಾನ್ಯ, ಹಿಡುವಳಿದಾರ ಹತ್ತು ರೂಪಾಯಿ ಕಟ್ಟಿದರೆ ಜಮ್ಮಾ ಹಿಡುವಳಿದಾರ ಐದು ರೂಪಾಯಿ ಕಟ್ಟುತ್ತಿದ್ದ. ಉಳಿದ ಅರ್ಧವನ್ನು ಅವನು ಮೈಯಿಂದ ತೀರಿಸಬೇಕಿತ್ತು: ಅರಸ ಕರೆದಾಗ ಕೋವಿ ಹಿಡಿದು ಹೊರಡಬೇಕು, ಕಾವಲು ಕಾಯಬೇಕು. ಋಣ ಒಬ್ಬ ವ್ಯಕ್ತಿಯದಾಗಿರಲಿಲ್ಲ, ಒಕ್ಕದ್ದು, ಎಂದರೆ ಒಂದೇ ಮೂಲದ ಇಡೀ ಕುಟುಂಬದ್ದಾಗಿತ್ತು. ಹಾಗಾಗಿ ಜಮೀನೂ ಒಕ್ಕದ್ದೇ. ಪಟ್ಟೇದಾರ ಅದರ ಮುಖವೇ ಹೊರತು ಮಾಲೀಕನಲ್ಲ. ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ, ಪಾಲು ಹಂಚಿ ಚೂರು ಮಾಡುವಂತಿರಲಿಲ್ಲ. ಸತ್ತವರ ಹೆಸರು ಖಾತೆಯಲ್ಲಿ ಉಳಿದದ್ದಕ್ಕೆ ಇದು ಮೂಲ ಕಾರಣ. ಒಕ್ಕ ಸತ್ತಿಲ್ಲವಲ್ಲ.

ಕೋವಿಯ ಕಥೆಯೂ ಇಲ್ಲಿಯೇ ಇದೆ. 1861ರಲ್ಲಿ ಬ್ರಿಟಿಷರು ಕೊಟ್ಟ ಶಸ್ತ್ರ ಪರವಾನಗಿಯ ವಿನಾಯಿತಿ ಇಂದಿಗೂ ನಡೆದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಪತ್ರಿಕೆಗಳು ಇದನ್ನು ಕೊಡವ ಜನಾಂಗದ ಹಕ್ಕು ಎಂದಷ್ಟೇ ಬರೆಯುತ್ತವೆ. ಆದೇಶದಲ್ಲಿ ಜಮ್ಮಾ ಹಿಡುವಳಿದಾರರ ಹೆಸರೂ ಇದೆ, ಮತ್ತು ಜಮ್ಮಾ ಜಮೀನು ಗೌಡರು ಮುಂತಾದ ಇತರ ಸಮುದಾಯಗಳಲ್ಲೂ ಇದೆ. ಕೊಡಗನ್ನು ಒಂದೇ ವೀರ ಜನಾಂಗದ ನಾಡೆಂದು ಚಿತ್ರಿಸುವ ಪ್ರವಾಸೋದ್ಯಮದ ಜಾಹೀರಾತುಗಳನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಕೊಡವರ ಹಿರಿಮೆ ನಿಜ. ಆದರೆ ದಾಖಲೆ ಅದಕ್ಕಿಂತ ದೊಡ್ಡ ಮಾತನ್ನು ಹೇಳುತ್ತದೆ.

ಜಮ್ಮಾ ಗದ್ದೆಯ ಜೊತೆಗಿದ್ದ ಬಾಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಣಿವೆಯಲ್ಲಿ ಗದ್ದೆ, ಅದರ ಮೇಲಿನ ಇಳಿಜಾರಿನಲ್ಲಿ ಕಾಡು, ಅದೇ ಬಾಣೆ. ಆ ಕಾಡನ್ನು ಗದ್ದೆಯ ಸೇವೆಗೆಂದೇ ಕಂದಾಯವಿಲ್ಲದೆ ಬಿಟ್ಟುಕೊಟ್ಟಿದ್ದರು. ಬಾಣೆಯ ಸೊಪ್ಪು ಕೊಟ್ಟಿಗೆಗೆ ಬರುತ್ತದೆ, ಸಗಣಿಯೊಂದಿಗೆ ಕೊಳೆತು ಗೊಬ್ಬರವಾಗಿ ಗದ್ದೆಗಿಳಿಯುತ್ತದೆ. ದನ ಅಲ್ಲೇ ಮೇಯುತ್ತದೆ, ಸೌದೆ ಅಲ್ಲಿಂದಲೇ, ನೇಗಿಲಿಗೂ ಮನೆಯ ತೊಲೆಗೂ ಮರ ಅಲ್ಲಿಂದಲೇ. ಮಳೆ ನೀರು ಆ ನೆಲದಲ್ಲಿ ಇಂಗಿ ಕೆಳಗೆ ಒರತೆಯಾಗಿ ಹೊರಡುತ್ತದೆ. ಗದ್ದೆಯಿಲ್ಲದೆ ಬಾಣೆಗೆ ಅರ್ಥವಿಲ್ಲ, ಬಾಣೆಯಿಲ್ಲದೆ ಗದ್ದೆಗೆ ಉಸಿರಿಲ್ಲ.

1854ರಲ್ಲಿ ಫೌಲರ್ ಎಂಬ ಯುರೋಪಿಯನ್ ತೋಟಗಾರ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ ಮೇಲೆ ಈ ಲೆಕ್ಕಾಚಾರ ತಲೆಕೆಳಗಾಯಿತು. ಸೊಪ್ಪಿನ ಕಾಡು ರೊಕ್ಕದ ತೋಟವಾಯಿತು. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಹಳೆಯ ಹಿಡುವಳಿಗಳನ್ನು ಕಾನೂನಿನ ಭಾಷೆಗೆ ತಂದಿತಾದರೂ ಗೋಜಲು ಬಿಡಿಸಲಿಲ್ಲ. ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಬಿಡಿಸಿಕೊಂಡ ಬಾಣೆ ಬೇರೆ, ಬಿಡಿಸಿಕೊಳ್ಳದ ಬಾಣೆ ಬೇರೆ. ತಾನೇ ಬೆಳೆಸಿದ ಕಾಫಿಗೆ ನೆರಳು ಕೊಡುವ ಬೀಟೆ ಮರ ಯಾರದ್ದು ಎಂಬ ಪ್ರಶ್ನೆಯನ್ನು ಹೊತ್ತು ಬರುವ ಬೆಳೆಗಾರರಿಗೆ ನಾನು ಮೊದಲು ಹೇಳುವುದು ಇಷ್ಟೇ: ಮರದ ಮಾತು ಬಿಡಿ, ಬಾಣೆಯ ಹಳೆಯ ಕಾಗದ ತನ್ನಿ. ಬಿಡಿಸಿಕೊಂಡದ್ದೋ ಅಲ್ಲವೋ ಎಂಬುದು ಗೊತ್ತಾಗದೆ ಮುಂದಿನ ಹೆಜ್ಜೆಯಿಲ್ಲ.

ಕಂದಾಯದ ಒಂದು ಬದಲಾವಣೆ ಬಂಡಾಯವನ್ನೇ ಹುಟ್ಟಿಸಿದ ಉದಾಹರಣೆ ಪಕ್ಕದಲ್ಲೇ ಇದೆ. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಸೀಮೆಯನ್ನು 1834ರ ನಂತರ ಕೆನರಾಕ್ಕೆ ಸೇರಿಸಲಾಯಿತು. ಧಾನ್ಯ ರೂಪದಲ್ಲಿ ತೆರಿಗೆ ಸಲ್ಲಿಸುತ್ತಿದ್ದ ರೈತರು ನಗದು ಕಟ್ಟಬೇಕಾಯಿತು. 1837ರ ಏಪ್ರಿಲ್‌ನಲ್ಲಿ ಅವರು ಘಟ್ಟದ ತಪ್ಪಲಿನಿಂದ ಹೊರಟು ಮಂಗಳೂರನ್ನೇ ಹಿಡಿದರು. ಬಂಡಾಯದ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಬಂಡಾಯ ಅಡಗಿಸಲು ನೆರವಾದ ಕೊಡಗಿನವರಿಗೆ ಪದಕಗಳು ಸಿಕ್ಕವು. ಒಂದೇ ಘಟನೆ ಇಂದಿಗೂ ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆಯಾಗಿ ಹೇಳಲ್ಪಡುತ್ತದೆ. ಎರಡೂ ಕಡೆಯ ಮಾತು ಕೇಳದೆ ಇಲ್ಲಿನ ಚರಿತ್ರೆ ಬರೆಯಲು ಹೊರಡುವುದು ಅನ್ಯಾಯ.

ನೆಲದ ಈ ಬಂಧ ಹಬ್ಬದಲ್ಲಿ ಕಣ್ಣಿಗೆ ಕಾಣುತ್ತದೆ. ಸುಗ್ಗಿಯ ಹಬ್ಬವಾದ ಹುತ್ತರಿಯ ಮುಹೂರ್ತ ನಿಗದಿಯಾಗುವುದು ಕಕ್ಕಬ್ಬೆಯ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ಐನ್‌ಮನೆಯ, ಎಂದರೆ ಒಕ್ಕದ ಮೂಲಮನೆಯ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚಿ ಒಕ್ಕದವರು ಗದ್ದೆಗೆ ನಡೆಯುತ್ತಾರೆ, ಕೋವಿಯ ಗುಂಡು ಹಾರಿದ ಮೇಲೆ ಮೊದಲ ಕದಿರು ಕೊಯ್ಯುತ್ತಾರೆ. ಸಾಮಾನ್ಯವಾಗಿ ಛಾಯಾಚಿತ್ರ ಇಲ್ಲಿಗೆ ಮುಗಿಯುತ್ತದೆ. ಕುಕ್ಕೆ ಹೆಣೆದ ಮೇದರು, ಸಾವಿಗೂ ಮದುವೆಗೂ ವಾಲಗ ಊದುವ ಕೆಂಬಟ್ಟಿಯವರು, ಆ ಗದ್ದೆಯ ಕೆಸರಿನಲ್ಲಿ ನಾಟಿ ಮಾಡಿದ ಯರವ ಹೆಂಗಸರು ಚೌಕಟ್ಟಿನ ಹೊರಗೆ ಉಳಿಯುತ್ತಾರೆ. ಯರವರಲ್ಲಿ ಅನೇಕರು ಅರಸರ ಕಾಲದಲ್ಲಿ ಜಮೀನಿನೊಂದಿಗೇ ಜೀತಕ್ಕೆ ಬಿದ್ದಿದ್ದವರು. ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಗೆ, ದೇವರಪುರದ ಕುಂಡೆ ಹಬ್ಬದಲ್ಲಿ ಯರವರೂ ಕುರುಬರೂ ವೇಷ ತೊಟ್ಟು, ಸೋರೆಬುರುಡೆ ಬಡಿಯುತ್ತಾ, ಎದುರಿಗೆ ಸಿಕ್ಕವರನ್ನು ದೊಡ್ಡವರು ಚಿಕ್ಕವರೆನ್ನದೆ ಬೈದು ಕಾಸು ಕೇಳುತ್ತಾರೆ. ಬೈಗುಳವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನೋಡಲು ಬಂದವರು ನಗುತ್ತಾರೆ. ನನಗೆ ಅದು ವರ್ಷವಿಡೀ ತಲೆ ತಗ್ಗಿಸಿ ದುಡಿದವರು ದೇವರ ಸಾಕ್ಷಿಯಾಗಿ ಸಲ್ಲಿಸುವ ದೂರಿನಂತೆ ಕೇಳುತ್ತದೆ.

ಏಕೆಂದರೆ ಅವರ ದೂರಿಗೆ ಬೇರೆ ಕಾಗದವಿಲ್ಲ. ಜಮ್ಮಾದವರಿಗೆ ಹೆಸರುಗಳು ಹೆಚ್ಚಾಗಿ ಕಷ್ಟ. ಹಾಡಿಯವರಿಗೆ, ಎಂದರೆ ಬುಡಕಟ್ಟು ವಸತಿಗಳ ಜನರಿಗೆ, ಹೆಸರೇ ಇಲ್ಲದೆ ಕಷ್ಟ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅವರ ಬಳಿ ಮೊದಲು ಕೇಳುವುದು ದಾಖಲೆಯನ್ನೇ. ಶಿಸ್ತು ಲೆಕ್ಕದಿಂದ ಇಂದಿನ ಪಹಣಿಯವರೆಗೆ ಯಾರನ್ನು ಹಿಡುವಳಿದಾರರೆಂದು ಎಂದೂ ಬರೆದುಕೊಳ್ಳಲಿಲ್ಲವೋ, ಅವರಿಂದಲೇ ಬರಹದ ಪುರಾವೆ ಕೇಳುವುದು ನನಗೆ ಸಹಿಸಲಾಗದ ಮಾತು.

ಆದ್ದರಿಂದ ಹಾಡಿಗಳಲ್ಲಿ ಅರ್ಜಿ ಬರೆಸಲು ನೆರವಾಗುವ ಶಿಕ್ಷಕರಿಗೂ ಕಾರ್ಯಕರ್ತರಿಗೂ ಒಂದು ಮಾತು. ಕಾಯ್ದೆಯ ನಿಯಮಗಳು ಸರ್ಕಾರಿ ಕಾಗದವನ್ನು ಮಾತ್ರ ಪುರಾವೆ ಎನ್ನುವುದಿಲ್ಲ. ಹಳೆಯ ಬಾವಿ, ಸಮಾಧಿಯ ಜಾಗ, ಪೂಜೆ ಸಲ್ಲುವ ಕಲ್ಲು ಅಥವಾ ಮರ, ಹಿರಿಯರು ಹೇಳಿ ಬರೆಸಿದ ಹೇಳಿಕೆ, ಇವೆಲ್ಲವೂ ಪುರಾವೆಗಳೇ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ನೆಲದಲ್ಲಿದ್ದರೆಂದು ತೋರಿಸಿದರೆ ಸಾಕು. ಹಿರಿಯರ ಮಾತನ್ನು ಅವರದೇ ಭಾಷೆಯಲ್ಲಿ ಕೇಳಿ, ಕನ್ನಡದಲ್ಲಿ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ. ಗ್ರಾಮಸಭೆಯ ನಿರ್ಣಯ ವಿರುದ್ಧವಾಗಿ ಬಂದರೆ ಉಪವಿಭಾಗ ಮಟ್ಟದ ಸಮಿತಿಗೆ ಮನವಿ ಸಲ್ಲಿಸಲು ನಿರ್ಣಯದ ದಿನದಿಂದ ಅರವತ್ತು ದಿನಗಳ ಅವಕಾಶವಿದೆ. ಆ ದಿನಗಳನ್ನು ಕಳೆದುಕೊಳ್ಳಬೇಡಿ.