ಮೊದಲು ಮಟ್ಟ ಸಮ ಮಾಡಿ, ಆಮೇಲೆ ತೀರ್ಪು ಕೊಡಿ

"ಹಳೇ ರೆಕಾರ್ಡಿನಲ್ಲಿ ಜೀವ ಇದೆ, ಹೊಸ ಮರುಮುದ್ರಣ ಸಪ್ಪೆ" ಎನ್ನುತ್ತಾ ಒಂದೇ ಗ್ರಾಮಫೋನ್ ರೆಕಾರ್ಡಿನ ಎರಡು ಪ್ರತಿ ಹಿಡಿದು ಬರುವವರನ್ನು ನಾನು ಮೊದಲು ಕೇಳುವುದು, ಎರಡನ್ನೂ ದನಿಯ ಒಂದೇ ಮಟ್ಟದಲ್ಲಿ ಕೇಳಿದಿರಾ ಅಂತ. "ಹೌದು ಸಾರ್, ವಾಲ್ಯೂಮ್ ಮುಟ್ಟಲೇ ಇಲ್ಲ" ಎನ್ನುತ್ತಾರೆ. ಎಡವಟ್ಟಾಗುವುದೇ ಅಲ್ಲಿ.

ವಾಲ್ಯೂಮ್ ಮುಟ್ಟದೆ ಬಿಟ್ಟರೆ ಮಟ್ಟ ಸಮ ಆಗುವುದಿಲ್ಲ. ರೆಕಾರ್ಡಿನ ಒಂದು ಬದಿಯಲ್ಲಿ 16 ನಿಮಿಷದ ಸಂಗೀತವಿದ್ದರೆ, ದನಿಯನ್ನು ಹಿಡಿದಿಡುವ ಗೆರೆಗಳು ಓಲಾಡಲು ಜಾಗ ಇರುತ್ತದೆ, ಮೂಲ ಪ್ಲೇಟಿನಲ್ಲಿ ಅವನ್ನು ಕೊರೆಯುವವರು ದನಿ ಜೋರಾಗಿ ಕೊರೆಯಬಹುದು. ಅಲ್ಲಿಗೇ 25 ನಿಮಿಷ ತುರುಕಿದರೆ ತಗ್ಗಿಸದೆ ಗತಿಯಿಲ್ಲ. ದನಿಯ ಮಟ್ಟ ಅಳೆಯುವ ಮಾನವಾದ ಡೆಸಿಬೆಲ್ ಒಂದೇ ಒಂದು ಹೆಚ್ಚಿದ್ದರೆ ಅದು ಕಿವಿಗೆ ಜೋರು ಅನಿಸುವುದೇ ಇಲ್ಲ, ತುಂಬಿದ ದನಿ, ಸ್ಪಷ್ಟವಾದ ದನಿ ಅನಿಸುತ್ತದೆ. ಮಟ್ಟ ತಗ್ಗಿದಾಗ ಕಿವಿಗೆ ಮಂದ್ರ ಸ್ವರಗಳು ಉಳಿದವಕ್ಕಿಂತ ಹೆಚ್ಚು ಕುಗ್ಗಿ ಕೇಳುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ಸಂಶೋಧಕರು 1933ರಲ್ಲೇ ತೋರಿಸಿದ್ದರು. ಬೇಸ್ ತೆಳುವಾಯಿತು ಎಂದು ಮರುಮುದ್ರಣವನ್ನು ದೂರುವ ಮೊದಲು ಇದನ್ನು ನೆನೆಯಿರಿ.

ಎರಡನ್ನೂ ಅದೇ ಸೂಜಿಯಿಂದ ಕಂಪ್ಯೂಟರಿಗೆ ಇಳಿಸಿ. ಹಾಡಿನ ಅದೇ ಸಾಲಿನ ಸರಾಸರಿ ಮಟ್ಟವನ್ನು ಎರಡರಲ್ಲೂ ಅಳೆದು 0.2 ಡೆಸಿಬೆಲ್ ಒಳಗೆ ತನ್ನಿ. ಯಾವುದು ಯಾವುದೆಂದು ನಿಮಗೆ ತಿಳಿಯದಂತೆ ಇನ್ನೊಬ್ಬರು ಹಾಕಲಿ. ಇಷ್ಟಾದ ಮೇಲೂ ಉಳಿಯುವ ವ್ಯತ್ಯಾಸದ ಬಗ್ಗೆ ಮಾತಾಡೋಣ. ದಪ್ಪ ಪ್ಲೇಟೆಂದು ಹೇಳಿಕೊಳ್ಳಲು ಹೊಸ ಮರುಮುದ್ರಣಗಳ ಮೇಲೆ ಅಂಟಿಸುವ 180 ಗ್ರಾಂ ಎಂಬ ಚೀಟಿಯನ್ನು ದಯವಿಟ್ಟು ಮರೆತುಬಿಡಿ. ಪ್ಲೇಟಿನ ತೂಕಕ್ಕೂ ಗೆರೆಯಲ್ಲಿರುವ ದನಿಗೂ ನೇರ ಸಂಬಂಧವಿಲ್ಲ. ಮೂಲ ಟೇಪ್ ಯಾವುದು, ಕೊರೆದವರು ಯಾರು ಎಂಬುದೇ ಮುಖ್ಯ. ಲೇಬಲ್ ಸುತ್ತಲಿನ ಖಾಲಿ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎಷ್ಟೋ ಸಲ ಕೊರೆದವರು ಗೀಚಿದ ಗುರುತು ಸಿಗುತ್ತದೆ.

ಮೊನ್ನೆ ಹಿರಿಯರೊಬ್ಬರು ತಮ್ಮ ಪ್ರೀತಿಯ ರೆಕಾರ್ಡಿನ ಎರಡು ಪ್ರತಿ ತಂದರು. ಹಳೆಯದು ಒಂದೂವರೆ ಡೆಸಿಬೆಲ್ ಜೋರಿತ್ತು. ಸಮ ಮಾಡಿದ ಮೇಲೂ ಮೊದಲ ಹಾಡಿನಲ್ಲಿ ಹಳೆಯದೇ ಚೆನ್ನಾಗಿತ್ತು. ಗಾಯಕಿ ಉಸಿರೆಳೆದುಕೊಳ್ಳುವುದು ಅದರಲ್ಲಿ ಕೇಳುತ್ತಿತ್ತು, ಹೊಸದರಲ್ಲಿ ಮಸುಕು. ಅವರ ಕಿವಿ ಸುಳ್ಳು ಹೇಳಿರಲಿಲ್ಲ, ನನಗೂ ಖುಷಿಯಾಯಿತು. ಕೊನೆಯ ಹಾಡಿಗೆ ಬಂದಾಗ ಮಾತ್ರ ತಿರುಗುಮುರುಗು. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಹೊರ ಅಂಚಿನ ಗೆರೆ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ, ಒಳಗೆ 21ಕ್ಕೆ ಇಳಿಯುತ್ತದೆ. ಸವೆತ ಮೊದಲು ಕೇಳುವುದು ಅಲ್ಲೇ. ಸೂಕ್ಷ್ಮದರ್ಶಕದಲ್ಲಿ ಹಳೆಯದರ ಗೆರೆಯ ಗೋಡೆ ಉಜ್ಜಿಹೋಗಿತ್ತು. ಕೊರೆತದಲ್ಲೂ ದೋಷವಿತ್ತೇ ಎಂದು ಒಂದೇ ಪ್ರತಿ ನೋಡಿ ಹೇಳಲಾರೆ. ಹೊಸದರಲ್ಲಿ 'ಸ'ಕಾರ ನುಣುಪಾಗಿತ್ತು, ಹಳೆಯದರಲ್ಲಿ ಬುಸುಗುಡುತ್ತಿತ್ತು. ಇಷ್ಟು ವರ್ಷವೂ ಅವರು ಅದನ್ನು ಗಾಯಕಿಯ ಉಚ್ಚಾರವೆಂದೇ ತಿಳಿದಿದ್ದರು.