ಕತೆಯೊಳಗಿನ ಕತ್ತಿಯೇಟು: ಹೆಗಲ ಗಾಯ ಹಗುರವಲ್ಲ

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ನನ್ನ ಕತೆಯ ಸವಾರ ಬಲ ಹೆಗಲಿಗೆ ಏಟು ತಿಂದು, ರುಮಾಲು ಬಿಗಿದುಕೊಂಡು, ಅದೇ ಕೈಯಲ್ಲಿ ಮತ್ತೆ ಕತ್ತಿ ಬೀಸುತ್ತಿದ್ದ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಉಳಿದಿರುವ ಕೋಟೆಯ ಭಾಗವನ್ನು ನೋಡಿ ಬಂದ ಹುಮ್ಮಸ್ಸಿನಲ್ಲಿ ಬರೆದದ್ದು. ಅಂಗರಚನೆ ಓದತೊಡಗಿದ ಮೇಲೆ ಆ ಪುಟವನ್ನು ಹರಿದುಹಾಕಿದೆ.

ನಮ್ಮಂಥ ಕತೆಗಾರರಿಗೆ ಹೆಗಲೆಂದರೆ ಧರ್ಮಛತ್ರ; ನಾಯಕ ಸಾಯಬಾರದೆಂದಾಗಲೆಲ್ಲ ಗಾಯವನ್ನು ಅಲ್ಲಿ ಇಳಿಸಿಬಿಡುತ್ತೇವೆ. ಆದರೆ ಕಾಲರ್ ಮೂಳೆಯ ಹಿಂದೆ, ತೋಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಯೂ ಕೈಯನ್ನು ಆಡಿಸುವ ನರಗಳ ಕಟ್ಟೂ ಜೊತೆಜೊತೆಯಾಗಿ ಸಾಗುತ್ತವೆ. ನರ ಕಡಿದರೆ ಕೈ ಜೋತುಬೀಳುತ್ತದೆ. ಅಪಧಮನಿ ಕಡಿದರೆ ಅಲ್ಲಿ ಪಟ್ಟಿ ಬಿಗಿಯಲೂ ಜಾಗವಿಲ್ಲ. ಮುಂಗೈಯದು ಇನ್ನೊಂದು ಕತೆ. ಅದರ ಒಳಮಗ್ಗುಲಲ್ಲಿ ಬೆರಳು ಮಡಿಸುವ ಸ್ನಾಯುರಜ್ಜುಗಳಿವೆ. ಅವು ತುಂಡಾದವನ ಕೈಯಲ್ಲಿ, ಎಂಥ ಛಲವಿದ್ದರೂ, ಕತ್ತಿ ನಿಲ್ಲುವುದಿಲ್ಲ. ನೋವನ್ನು ಹಲ್ಲುಕಚ್ಚಿ ಸಹಿಸಬಹುದು. ಹಗ್ಗ ಹರಿದ ರಾಟೆಯಲ್ಲಿ ನೀರು ಸೇದಲಾಗದು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ: ಎದೆಗೆ ತಿವಿದೊಡನೆ ವೈರಿ ಧೊಪ್ಪನೆ ಬೀಳುವುದು. ಮಿದುಳಿಗೋ ಕೊರಳಿನ ಬೆನ್ನುಹುರಿಗೋ ಪೆಟ್ಟು ಬಿದ್ದರೆ ಹಾಗಾಗಬಹುದು. ಹೃದಯಕ್ಕೇ ತಾಗಿದರೂ ಮಿದುಳಿನಲ್ಲಿ ಉಳಿದ ಆಮ್ಲಜನಕ ಸುಮಾರು 10 ಸೆಕೆಂಡು ನಡೆಸುತ್ತದೆ. ತಿರುಗಿ ಒಂದು ಏಟು ಹಾಕಲು ಅಷ್ಟು ಸಾಕು. ವಯಸ್ಕನ ಮೈಯಲ್ಲಿ ಹೆಚ್ಚುಕಡಿಮೆ 5 ಲೀಟರ್ ರಕ್ತವಿರುತ್ತದೆ. ಮುಕ್ಕಾಲು ಲೀಟರ್ ಹೋದಾಗ ಅವನಿಗೇ ಅಷ್ಟಾಗಿ ಗೊತ್ತಾಗದಿರಬಹುದು. ಒಂದೂವರೆ ಲೀಟರ್ ದಾಟಿದರೆ ತಣ್ಣನೆ ಬೆವರು, ಓಡುವ ನಾಡಿ, ತೊದಲು ಮಾತು. ಎರಡು ದಾಟಿದರೆ ಜೀವಕ್ಕೇ ಸಂಚಕಾರ. ತೊಡೆಯ ದೊಡ್ಡ ಅಪಧಮನಿ ತುಂಡಾದರೆ ಇದೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಗಲೇ ಗಾಯಗೊಂಡು ಕುಸಿದಿದ್ದ. ಸೈನಿಕನೊಬ್ಬ ಅವನ ಸೊಂಟಪಟ್ಟಿಗೆ ಕೈಹಾಕಿದಾಗ ಟಿಪ್ಪು ಕತ್ತಿ ಬೀಸಿ ಆ ಸೈನಿಕನ ಮಂಡಿಗೆ ಗಾಯ ಮಾಡಿದನೆಂದೂ, ಆಮೇಲೆ ಟಿಪ್ಪುವಿನ ಕಣತಲೆಗೆ ಗುಂಡು ಬಿತ್ತೆಂದೂ ಅಂದಿನ ವೃತ್ತಾಂತಗಳು ಹೇಳುತ್ತವೆ. ಬಿದ್ದವನ ಹತ್ತಿರ ಹೋಗುವ ದೃಶ್ಯ ಬರೆಯುವಾಗ ನಾನು ಇದನ್ನು ನೆನೆಯುತ್ತೇನೆ.

ಹೊಟ್ಟೆಯ ತಿವಿತಕ್ಕೆ ಹೊರಗೆ ರಕ್ತ ಕಡಿಮೆ. ಕರುಳು ತೂತಾಗಿ ಒಳಗೆಲ್ಲ ನಂಜೇರಿ, ಜ್ವರ ಬಂದು, ಸಾವು ದಿನಗಟ್ಟಲೆ ಕಾಯಿಸುತ್ತದೆ. ಉಯಿಲು, ಕ್ಷಮೆ, ಜಗಳ ಎಲ್ಲಕ್ಕೂ ಸಮಯವಿದೆ. ಕ್ರೂರ, ಆದರೆ ಕತೆಗಾರನಿಗೆ ಒದಗಿಬರುತ್ತದೆ.

ಬದುಕುಳಿದವರನ್ನೂ ಮರೆಯಬೇಡಿ. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರ ಕಾಳಗದಲ್ಲಿ ಸತ್ತವರ ಗುಂಡಿಯೊಂದು 1996ರಲ್ಲಿ ಸಿಕ್ಕಿತು. ಅಲ್ಲಿನ ಒಬ್ಬನ ದವಡೆಯಲ್ಲಿ ಹಿಂದೆಂದೋ ಬಿದ್ದ ಭಾರಿ ಏಟು ಮಾಗಿದ ಗುರುತಿತ್ತು. ಮಾಗಿಸಿಕೊಂಡು ಮತ್ತೆ ಯುದ್ಧಕ್ಕೆ ಬಂದಿದ್ದ.

ನನ್ನ ಸವಾರನೂ ಬದುಕಿದ್ದಾನೆ. ಎರಡನೆಯ ಅಧ್ಯಾಯದಲ್ಲಿ ಲಗಾಮು ಎಡಗೈಗೆ ಬಂದಿದೆ. ಅಂಗಿಯ ಕಸೆ ಕಟ್ಟಲು ಅವನು ತಂಗಿಯನ್ನು ಕರೆಯುತ್ತಾನೆ.